ಆಯ್ಕೆ ಉಂಟು, ತೇಪೆ ಇಲ್ಲ: ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’ ರೂಪುಗೊಂಡ ಬಗೆ

ಒಂದು ಸಂಜೆ ವೇದಿಕೆಯ ಮೇಲೆ ನಡೆದದ್ದನ್ನು ನಡೆದ ಹಾಗೆಯೇ ಹಿಡಿದಿಟ್ಟ ಧ್ವನಿಮುದ್ರಣವೇ ಲೈವ್ ಆಲ್ಬಮ್ ಎಂಬ ನಂಬಿಕೆ ನಮ್ಮಲ್ಲಿ ಹೆಚ್ಚಿನವರಿಗಿದೆ. ರಾಕ್ ಸಂಗೀತದಲ್ಲಿ ಹೆಸರು ಮಾಡಿದ ಲೈವ್ ಆಲ್ಬಮ್‌ಗಳಲ್ಲಿ ಹಲವು ಈ ನಂಬಿಕೆಗೆ ಸರಿಹೊಂದುವುದಿಲ್ಲ. ಅಮೆರಿಕದ ಕಿಸ್ ಬ್ಯಾಂಡಿನ 1975ರ ‘ಅಲೈವ್!’ ಆಲ್ಬಮ್ಮಿನಲ್ಲಿ ಸ್ಟುಡಿಯೊ ತಿದ್ದುಪಡಿ ಸಾಕಷ್ಟಿದೆ ಎಂಬುದನ್ನು ಅದನ್ನು ಮಾಡಿದವರೇ ಮುಂದೆ ಒಪ್ಪಿಕೊಂಡರು. ಐರ್ಲೆಂಡಿನ ಥಿನ್ ಲಿಜ್ಜಿಯ 1978ರ ‘ಲೈವ್ ಅಂಡ್ ಡೇಂಜರಸ್’ನಲ್ಲಿ ವೇದಿಕೆಯ ಪಾಲೆಷ್ಟು, ಸ್ಟುಡಿಯೊದ ಪಾಲೆಷ್ಟು ಎಂಬ ವಿಷಯದಲ್ಲಿ ನಿರ್ಮಾಪಕ ಟೋನಿ ವಿಸ್ಕಾಂಟಿ ಅವರ ಮಾತಿಗೂ ಬ್ಯಾಂಡಿನವರ ಮಾತಿಗೂ ತಾಳೆಯಾಗುವುದಿಲ್ಲ. ಇವೆರಡೂ ಒಳ್ಳೆಯ ಆಲ್ಬಮ್‌ಗಳೇ. ತಿದ್ದಿದ ಮಾತ್ರಕ್ಕೆ ಅವು ಕೇಳಲು ಯೋಗ್ಯವಲ್ಲ ಎನ್ನುವಂತಿಲ್ಲ. ಆದರೆ ಲೈವ್ ಆಲ್ಬಮ್ ಎಂಬ ವಸ್ತು ಹೇಗೆ ತಯಾರಾಗುತ್ತದೆ, ಅದರಲ್ಲಿ ಎಲ್ಲೆಲ್ಲಿ ಮನುಷ್ಯರ ಕೈಯಾಡುತ್ತದೆ ಎಂಬುದನ್ನು ಅರಿಯಬೇಕಾದರೆ 1972ರಲ್ಲಿ ಇಂಗ್ಲೆಂಡಿನ ಡೀಪ್ ಪರ್ಪಲ್ ಜಪಾನಿನಲ್ಲಿ ಧ್ವನಿಮುದ್ರಿಸಿದ ‘ಮೇಡ್ ಇನ್ ಜಪಾನ್’ಗಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ. ಅದರಲ್ಲಿ ಆಯ್ಕೆ ಉಂಟು, ತೇಪೆ ಇಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

1968ರಲ್ಲಿ ಆರಂಭವಾದ ಡೀಪ್ ಪರ್ಪಲ್ ಮರುವರ್ಷವೇ ತನ್ನ ಗಾಯಕನನ್ನೂ ಬೇಸ್ ವಾದಕನನ್ನೂ ಬದಲಾಯಿಸಿಕೊಂಡಿತು. ಹೊಸದಾಗಿ ಬಂದವರು ಗಾಯಕ ಇಯಾನ್ ಗಿಲನ್ ಮತ್ತು ಬೇಸ್ ಗಿಟಾರಿನ ರಾಜರ್ ಗ್ಲೋವರ್. ಗಿಟಾರಿನಲ್ಲಿ ರಿಚಿ ಬ್ಲ್ಯಾಕ್‌ಮೋರ್, ಆರ್ಗನ್‌ನಲ್ಲಿ ಜಾನ್ ಲಾರ್ಡ್, ಡ್ರಮ್ಸ್‌ನಲ್ಲಿ ಇಯಾನ್ ಪೇಸ್ ಮೊದಲಿನಿಂದಲೂ ಇದ್ದರು. ಈ ಐವರ ಕೂಟವನ್ನು ಅಭಿಮಾನಿಗಳು ಇಂದಿಗೂ ‘ಮಾರ್ಕ್ ಟೂ’ ಎಂದು ಕರೆಯುತ್ತಾರೆ. ‘ಇನ್ ರಾಕ್’, ‘ಫೈರ್‌ಬಾಲ್’, ‘ಮೆಷಿನ್ ಹೆಡ್’ ಎಂಬ ಮೂರು ಸ್ಟುಡಿಯೊ ಆಲ್ಬಮ್‌ಗಳನ್ನು 1970ರಿಂದ 1972ರ ಮಾರ್ಚ್ ನಡುವೆ ಹೊರತಂದ ಈ ಕೂಟ ಅದೇ ಅವಧಿಯಲ್ಲಿ ಬಿಡುವಿಲ್ಲದೆ ಕಛೇರಿಗಳನ್ನೂ ಕೊಡುತ್ತಿತ್ತು. ಸ್ಟುಡಿಯೊದಲ್ಲಿ ಐದಾರು ನಿಮಿಷಕ್ಕೆ ಮುಗಿಯುವ ಹಾಡು ವೇದಿಕೆಯ ಮೇಲೆ ಹತ್ತೋ ಇಪ್ಪತ್ತೋ ನಿಮಿಷಕ್ಕೆ ಬೆಳೆಯುತ್ತಿತ್ತು. ಒಂದು ರಾತ್ರಿ ಬೆಳೆದಂತೆ ಮತ್ತೊಂದು ರಾತ್ರಿ ಬೆಳೆಯುತ್ತಿರಲಿಲ್ಲ. 1969ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸಿಂಫನಿ ವಾದ್ಯವೃಂದದ ಜೊತೆಗೆ ನಡೆಸಿದ ಪ್ರಯೋಗವೊಂದು ಆಲ್ಬಮ್ ಆಗಿ ಬಂದಿತ್ತಾದರೂ ಅದು ಬ್ಯಾಂಡಿನ ದಿನನಿತ್ಯದ ಕಛೇರಿಯ ರೂಪವಾಗಿರಲಿಲ್ಲ. ಆ ರೂಪ ಸಿಗುತ್ತಿದ್ದದ್ದು ಸಭಾಂಗಣದಲ್ಲಿ ಕುಳಿತವರಿಗೆ ಮತ್ತು ಕದ್ದು ಮುದ್ರಿಸಿದ ಕಳಪೆ ಧ್ವನಿಯ ಬೂಟ್‌ಲೆಗ್ ರೆಕಾರ್ಡುಗಳನ್ನು ಹುಡುಕಿ ಕೊಳ್ಳುತ್ತಿದ್ದವರಿಗೆ ಮಾತ್ರ.

ಹೀಗಿದ್ದರೂ ಲೈವ್ ಆಲ್ಬಮ್ ಮಾಡುವ ಉತ್ಸಾಹ ಬ್ಯಾಂಡಿನವರಿಗೆ ಇರಲಿಲ್ಲ. ವೇದಿಕೆಯ ಅನುಭವವನ್ನು ರೆಕಾರ್ಡಿನಲ್ಲಿ ಮತ್ತೆ ಮೂಡಿಸಲು ಸಾಧ್ಯವೇ ಇಲ್ಲವೆಂಬುದು ಅವರ ಎಣಿಕೆಯಾಗಿತ್ತು. ಒತ್ತಾಯ ಬಂದದ್ದು ಜಪಾನಿನಿಂದ. ಅಲ್ಲಿ ಅವರ ರೆಕಾರ್ಡುಗಳಿಗೆ ಚೆನ್ನಾಗಿ ಬೇಡಿಕೆಯಿತ್ತು. 1972ರ ಆಗಸ್ಟ್‌ನಲ್ಲಿ ಬ್ಯಾಂಡ್ ಮೊದಲ ಸಲ ಅಲ್ಲಿಗೆ ಹೊರಟಾಗ, ಆ ಕಛೇರಿಗಳನ್ನು ಧ್ವನಿಮುದ್ರಿಸಿ ಜಪಾನಿನ ಮಾರುಕಟ್ಟೆಗಷ್ಟೇ ಒಂದು ಲೈವ್ ಆಲ್ಬಮ್ ತರಲು ಅಲ್ಲಿಯ ರೆಕಾರ್ಡ್ ಕಂಪನಿ ಅನುಮತಿ ಕೇಳಿತು. ಬ್ಯಾಂಡ್ ಷರತ್ತುಗಳ ಮೇಲೆ ಒಪ್ಪಿತು: ತಮ್ಮ ಸ್ಟುಡಿಯೊ ಆಲ್ಬಮ್‌ಗಳಲ್ಲಿ ಕೆಲಸ ಮಾಡಿದ ಎಂಜಿನಿಯರ್ ಮಾರ್ಟಿನ್ ಬರ್ಚ್ ಅವರೇ ಧ್ವನಿಮುದ್ರಣ ನೋಡಿಕೊಳ್ಳಬೇಕು, ಟೇಪುಗಳನ್ನು ಕೇಳಿ ತಾವು ಒಪ್ಪಿದ ಮೇಲೆಯೇ ರೆಕಾರ್ಡ್ ಹೊರಬರಬೇಕು. ಇಡೀ ಕೆಲಸಕ್ಕೆ ತಗುಲಿದ ವೆಚ್ಚ ಸುಮಾರು 3,000 ಡಾಲರ್ ಎಂದು ಹೇಳಲಾಗುತ್ತದೆ. ಷರತ್ತುಗಳೆಲ್ಲ ಧ್ವನಿಯ ಗುಣಮಟ್ಟದ ಬಗ್ಗೆ ಇದ್ದುದನ್ನು ಗಮನಿಸಬೇಕು. ಇದು ತಮ್ಮ ಮುಖ್ಯ ಕೃತಿಗಳಲ್ಲೊಂದಾಗುತ್ತದೆಂಬ ನಿರೀಕ್ಷೆ ಅವರಲ್ಲಿ ಯಾರಿಗೂ ಇರಲಿಲ್ಲ. ಪ್ರಾಯಶಃ ಆ ಕಾರಣಕ್ಕೇ ಮೂರೂ ರಾತ್ರಿ ಅವರು ಟೇಪು ಓಡುತ್ತಿರುವುದನ್ನು ಲೆಕ್ಕಿಸದೆ ನುಡಿಸಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ಆಗಸ್ಟ್ 15 ಮತ್ತು 16ರಂದು ಒಸಾಕಾದ ಫೆಸ್ಟಿವಲ್ ಹಾಲ್‌ನಲ್ಲಿ, 17ರಂದು ಟೋಕಿಯೋದ ನಿಪ್ಪೋನ್ ಬುಡೋಕಾನ್‌ನಲ್ಲಿ ಕಛೇರಿಗಳು ನಡೆದವು. ಮೂರನ್ನೂ ಎಂಟು ಟ್ರ್ಯಾಕ್‌ಗಳ ಟೇಪಿನ ಮೇಲೆ ಮುದ್ರಿಸಿಕೊಳ್ಳಲಾಯಿತು. ಈ ಎಂಟು ಟ್ರ್ಯಾಕ್ ಎಂದರೇನೆಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಆಲ್ಬಮ್ಮಿನ ಸ್ವಭಾವ ನಿರ್ಧಾರವಾದದ್ದು ಇಲ್ಲಿಯೇ. ಅಗಲವಾದ ಒಂದು ಮ್ಯಾಗ್ನೆಟಿಕ್ ಟೇಪಿನ ಮೇಲೆ ಉದ್ದಕ್ಕೂ ಎಂಟು ಪಟ್ಟಿಗಳಿದ್ದು, ಪ್ರತಿಯೊಂದರ ಮೇಲೂ ಬೇರೆ ಬೇರೆ ಧ್ವನಿಯನ್ನು ಒಂದೇ ಕಾಲಕ್ಕೆ ಮುದ್ರಿಸಬಹುದು. ಗಾಯನ ಒಂದರಲ್ಲಿ, ಗಿಟಾರ್ ಇನ್ನೊಂದರಲ್ಲಿ, ಬೇಸ್ ಮತ್ತೊಂದರಲ್ಲಿ ಹೀಗೆ ಹಂಚಿದರೆ, ನಂತರ ಸ್ಟುಡಿಯೊದಲ್ಲಿ ಕುಳಿತು ಯಾವುದು ಜೋರಾಗಿರಬೇಕು, ಯಾವುದು ಎಡಕ್ಕೆ ಅಥವಾ ಬಲಕ್ಕೆ ಕೇಳಬೇಕು ಎಂಬುದನ್ನು ನಿಧಾನವಾಗಿ ತೀರ್ಮಾನಿಸಬಹುದು. ಐದು ಜನರ ಬ್ಯಾಂಡಿಗೆ ಎಂಟು ಟ್ರ್ಯಾಕ್ ಧಾರಾಳವೆಂದು ತೋರಬಹುದು. ಆದರೆ ಡ್ರಮ್ಸ್ ಒಂದಕ್ಕೇ ಹಲವು ಮೈಕ್‌ಗಳು ಬೇಕು. ಸಭಿಕರ ಧ್ವನಿಗೂ ಜಾಗ ಬೇಕು. ಆದ್ದರಿಂದ ಕೆಲವು ಮೈಕ್‌ಗಳ ಧ್ವನಿಯನ್ನು ಕಛೇರಿ ನಡೆಯುತ್ತಿರುವಾಗಲೇ ಬೆರೆಸಿ ಒಂದೆರಡು ಟ್ರ್ಯಾಕ್‌ಗಳಿಗೆ ಇಳಿಸಬೇಕಾಗುತ್ತದೆ. ಹಾಗೆ ಬೆರೆತದ್ದನ್ನು ಮತ್ತೆ ಬೇರ್ಪಡಿಸಲು ಆ ಕಾಲದಲ್ಲಿ ಯಾವ ದಾರಿಯೂ ಇರಲಿಲ್ಲ. ತಾಳವಾದ್ಯದ ಆ ಬಿಗಿಯಾದ, ಸ್ಪಷ್ಟವಾದ ಧ್ವನಿಯ ಹಿಂದೆ ಬರ್ಚ್ ಅವರ ಕಿವಿಯ ಪರಿಣತಿ ಕೆಲಸ ಮಾಡಿದೆ. (ಇದೇ ಬರ್ಚ್ ಮುಂದೆ 1981ರಿಂದ 1992ರವರೆಗೆ ಐರನ್ ಮೇಡನ್ ಬ್ಯಾಂಡಿನ ಸ್ಟುಡಿಯೊ ಆಲ್ಬಮ್‌ಗಳನ್ನು ನಿರ್ಮಿಸಿದರು. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನೆರೆದು ಆ ಬ್ಯಾಂಡಿನ ಹಾಡುಗಳನ್ನು ಹಾಡಿದ ಸಾವಿರಾರು ಕನ್ನಡಿಗರಿಗೆ ಅವರ ಕೈಚಳಕ ಹೆಸರಿನಿಂದಲ್ಲದಿದ್ದರೂ ಧ್ವನಿಯಿಂದ ಪರಿಚಿತವೇ.)

ಇನ್ನು ತೇಪೆಯ ವಿಷಯ. ಗಾಯಕ ಒಂದು ಸ್ವರ ತಪ್ಪಿದರೆ ಅವನ ಟ್ರ್ಯಾಕನ್ನು ಅಳಿಸಿ, ಸ್ಟುಡಿಯೊದಲ್ಲಿ ಮತ್ತೆ ಹಾಡಿಸಿ ಸೇರಿಸುವುದಕ್ಕೆ ಓವರ್‌ಡಬ್ ಎನ್ನುತ್ತಾರೆ. ಕೇಳಲು ಇದು ಸುಲಭವಾಗಿ ತೋರಿದರೂ ಡೀಪ್ ಪರ್ಪಲ್‌ನಂಥ ಬ್ಯಾಂಡಿನ ಮಟ್ಟಿಗೆ ಸುಲಭವಲ್ಲ. 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರ್‌ನಲ್ಲಿ ಅವರ ಕಛೇರಿಯ ಧ್ವನಿ 117 ಡೆಸಿಬಲ್ ಮುಟ್ಟಿದ್ದನ್ನು ಅಳೆದು ಗಿನ್ನೆಸ್ ದಾಖಲೆಯ ಪುಸ್ತಕ ಅವರನ್ನು ಅತ್ಯಂತ ಗಟ್ಟಿ ಸದ್ದಿನ ಬ್ಯಾಂಡ್ ಎಂದು ನಮೂದಿಸಿತ್ತು. ಅಷ್ಟು ಜೋರಾಗಿ ಗಿಟಾರ್ ಮೊಳಗುವಾಗ ಅದು ಗಾಯಕನ ಮೈಕ್‌ಗೂ ನುಗ್ಗುತ್ತದೆ, ಡ್ರಮ್ಸ್‌ನ ಮೈಕ್‌ಗೂ ನುಗ್ಗುತ್ತದೆ. ಗಾಯನದ ಟ್ರ್ಯಾಕನ್ನು ಅಳಿಸಿದರೆ ಅದರೊಳಗೆ ಸೋರಿಕೊಂಡಿದ್ದ ಗಿಟಾರೂ ಡ್ರಮ್ಸೂ ಅಳಿದು ಸಭಾಂಗಣದ ಗಾಳಿಯೇ ಬದಲಾದಂತೆ ಕೇಳಿಸುತ್ತದೆ. ಗಿಟಾರನ್ನು ಮತ್ತೆ ನುಡಿಸಿದರೆ ಗಾಯನದ ಟ್ರ್ಯಾಕಿನಲ್ಲಿ ಹಳೆಯ ಗಿಟಾರ್ ನೆರಳಿನಂತೆ ಉಳಿದುಬಿಡುತ್ತದೆ. ಹಾಗೆಂದು ತಿದ್ದಲು ಆಗುವುದೇ ಇಲ್ಲವೆಂದಲ್ಲ, ಮನಸ್ಸು ಮಾಡಿದವರು ಮಾಡಿದ್ದಾರೆ. ಡೀಪ್ ಪರ್ಪಲ್ ಆ ಹಾದಿ ಹಿಡಿಯಲಿಲ್ಲ. ಅವರ ಮುಂದಿದ್ದ ಪ್ರಶ್ನೆ ಒಂದೇ: ಮೂರು ರಾತ್ರಿಗಳಲ್ಲಿ ಯಾವ ರಾತ್ರಿಯ ಯಾವ ಹಾಡು?

ಈ ಆಯ್ಕೆಯ ಪಟ್ಟಿ ಕುತೂಹಲಕರವಾಗಿದೆ. ಆಲ್ಬಮ್ಮಿನ ಏಳು ಹಾಡುಗಳಲ್ಲಿ ‘ಹೈವೇ ಸ್ಟಾರ್’, ‘ಚೈಲ್ಡ್ ಇನ್ ಟೈಮ್’, ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’, ‘ಸ್ಪೇಸ್ ಟ್ರಕಿನ್’ ಈ ನಾಲ್ಕು ಒಸಾಕಾದ ಎರಡನೆಯ ರಾತ್ರಿಯವು. ‘ಸ್ಮೋಕ್ ಆನ್ ದಿ ವಾಟರ್’ ಒಂದೇ ಮೊದಲ ರಾತ್ರಿಯದು. ‘ದಿ ಮ್ಯೂಲ್’ ಮತ್ತು ‘ಲೇಜಿ’ ಟೋಕಿಯೋದವು. ಬುಡೋಕಾನ್ ರಾತ್ರಿಯೇ ಪ್ರವಾಸದ ಅತ್ಯುತ್ತಮ ಕಛೇರಿಯೆಂದು ಬ್ಯಾಂಡಿನವರು ನೆನೆಯುತ್ತಾರೆ, ಆದರೂ ಅಲ್ಲಿಂದ ಬಂದದ್ದು ಎರಡೇ ಹಾಡು. 1964ರ ಒಲಿಂಪಿಕ್ಸ್‌ನ ಜೂಡೋ ಸ್ಪರ್ಧೆಗಾಗಿ ಕಟ್ಟಿದ, ಎಂಟು ಮೂಲೆಯ ಆ ವಿಶಾಲವಾದ ಕ್ರೀಡಾಂಗಣದಲ್ಲಿ ಧ್ವನಿ ಹರಡಿ ಮರಳುವ ರೀತಿಯೇ ಬೇರೆ. ಒಸಾಕಾದ್ದು ಸಂಗೀತಕ್ಕೆಂದೇ ಕಟ್ಟಿದ, ಅದಕ್ಕಿಂತ ಬಹಳ ಚಿಕ್ಕದಾದ ಸಭಾಂಗಣ. ವೇದಿಕೆಯ ಮೇಲಿದ್ದವರಿಗೆ ಅತ್ಯುತ್ತಮವೆನಿಸಿದ ರಾತ್ರಿ ಟೇಪಿನ ಮೇಲೆ ಅತ್ಯುತ್ತಮವಾಗಿ ಮೂಡಲೇಬೇಕೆಂದಿಲ್ಲ.

ಹಾಡುಗಳ ಕ್ರಮದಲ್ಲಿಯೂ ಒಂದು ಬದಲಾವಣೆ ನಡೆಯಿತು. ಕಛೇರಿಗಳಲ್ಲಿ ‘ಹೈವೇ ಸ್ಟಾರ್’ ಆದ ಮೇಲೆ ‘ಸ್ಮೋಕ್ ಆನ್ ದಿ ವಾಟರ್’, ಅನಂತರ ‘ಚೈಲ್ಡ್ ಇನ್ ಟೈಮ್’ ಬರುತ್ತಿತ್ತು. ಆಲ್ಬಮ್ಮಿನಲ್ಲಿ ಕೊನೆಯ ಎರಡು ಅದಲುಬದಲಾಗಿವೆ. ಎರಡು ಎಲ್‌ಪಿ ರೆಕಾರ್ಡುಗಳಾಗಿ, ಅಂದರೆ ನಾಲ್ಕು ಬದಿಗಳಲ್ಲಿ, ಬಂದ ಆಲ್ಬಮ್ ಇದು. ಕಾರಣ ಎಲ್‌ಪಿ ರೆಕಾರ್ಡಿನ ಮಿತಿಯಲ್ಲಿದೆ ಎಂದು ತೋರುತ್ತದೆ. ಎಲ್‌ಪಿಯ ಒಂದು ಬದಿಯಲ್ಲಿ ಹೆಚ್ಚು ಹೊತ್ತಿನ ಸಂಗೀತ ತುಂಬಿಸಿದಷ್ಟೂ ಅದರ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗುತ್ತದೆ. ಆಗ ಧ್ವನಿಯ ಮಟ್ಟವನ್ನು ತಗ್ಗಿಸದೆ ಗತಿಯಿಲ್ಲ. ಗಟ್ಟಿಯಾದ ಸಂಗೀತಕ್ಕೆ ಬದಿಗೆ ಇಪ್ಪತ್ತು ನಿಮಿಷ ಹಿತವಾದ ಅಳತೆ. ಕಛೇರಿಯ ಕ್ರಮದಲ್ಲೇ ಹೋಗಿದ್ದರೆ ಮೊದಲ ಎರಡು ಹಾಡು ಸೇರಿ ಹದಿನಾಲ್ಕೂಕಾಲು ನಿಮಿಷದಷ್ಟಾಗಿ, ‘ಚೈಲ್ಡ್ ಇನ್ ಟೈಮ್’ ಮತ್ತು ‘ದಿ ಮ್ಯೂಲ್’ ಸೇರಿ ಇಪ್ಪತ್ತೊಂದು ಮುಕ್ಕಾಲು ನಿಮಿಷವಾಗುತ್ತಿತ್ತು. ಅದಲುಬದಲು ಮಾಡಿದ್ದರಿಂದ ಮೊದಲ ಬದಿ ಹತ್ತೊಂಬತ್ತು ನಿಮಿಷ, ಎರಡನೆಯದು ಹದಿನೇಳು ನಿಮಿಷವಾಗಿ ಹದಕ್ಕೆ ಬಂತು. ಮೂರನೆಯ ಬದಿಗೆ ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಮತ್ತು ‘ಲೇಜಿ’. ನಾಲ್ಕನೆಯ ಬದಿಗೆ ಹತ್ತಿರ ಹತ್ತಿರ ಇಪ್ಪತ್ತು ನಿಮಿಷದ ‘ಸ್ಪೇಸ್ ಟ್ರಕಿನ್’ ಒಂದೇ. ಕೇಳುಗರು ಒಂದು ಕಛೇರಿಯೆಂದು ಅನುಭವಿಸುವುದು ವಾಸ್ತವದಲ್ಲಿ ಎರಡು ಊರುಗಳ ಮೂರು ರಾತ್ರಿಗಳನ್ನು ನಾಲ್ಕು ಬದಿಗಳಿಗೆ ಹೊಂದಿಸಿದ ಜೋಡಣೆ.

ಈಗ ಒಳಗಿನ ಸಂಗೀತಕ್ಕೆ ಬರೋಣ. ಕರ್ನಾಟಕ ಸಂಗೀತ ಕೇಳುವವರಿಗೆ ಇಲ್ಲಿಯ ರಚನೆ ಅಪರಿಚಿತವೆನಿಸಲಾರದು: ಕೃತಿ ಗೊತ್ತಿರುವುದೇ, ಆದರೆ ಅದರ ಒಂದು ಸಾಲನ್ನು ಹಿಡಿದು ಕಲಾವಿದ ಅಂದಿನ ಮನೋಧರ್ಮಕ್ಕೆ ತಕ್ಕಂತೆ ಎಷ್ಟು ದೂರ ಹೋಗಿ ಹೇಗೆ ಮರಳುತ್ತಾನೆ ಎಂಬುದರಲ್ಲಿ ಕಛೇರಿಯ ಸ್ವಾರಸ್ಯವಿರುತ್ತದೆ. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಮೂಲದಲ್ಲಿ ನಾಲ್ಕು ನಿಮಿಷಕ್ಕೂ ಕಡಿಮೆಯ ಹಾಡು. ಇಲ್ಲಿ ಹತ್ತು ನಿಮಿಷಕ್ಕೆ ಸಮೀಪಿಸುತ್ತದೆ. ನಡುವೆ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ತುಣುಕು ನುಡಿಸುತ್ತಾರೆ, ಗಿಲನ್ ಅದನ್ನು ಕಂಠದಲ್ಲಿ ಹಿಂತಿರುಗಿಸುತ್ತಾರೆ. ತುಣುಕುಗಳು ಬರಬರುತ್ತ ಮೊಟಕಾಗುತ್ತ, ಮೇಲೇರುತ್ತ ಹೋಗಿ, ಕೊನೆಗೆ ಗಿಲನ್ ಎತ್ತುವ ಉದ್ದನೆಯ ತಾರಸ್ವರದಲ್ಲಿ ವಾದ್ಯ ಯಾವುದು ಕಂಠ ಯಾವುದು ಎಂದು ಕ್ಷಣಕಾಲ ತಬ್ಬಿಬ್ಬಾಗುವಂತಾಗುತ್ತದೆ. ಇದನ್ನು ಸ್ಟುಡಿಯೊದಲ್ಲಿ ತಿದ್ದಿದ್ದರೆ ಅರ್ಥವೇ ಉಳಿಯುತ್ತಿರಲಿಲ್ಲ. ಒಬ್ಬರು ಮುಂದೇನು ನುಡಿಸುತ್ತಾರೆಂದು ಇನ್ನೊಬ್ಬರಿಗೆ ತಿಳಿಯದಿರುವುದೇ ಆ ಭಾಗದ ಜೀವ.

‘ಚೈಲ್ಡ್ ಇನ್ ಟೈಮ್’ ಹಾಡಿನ ಆರ್ಗನ್ ಪಲ್ಲವಿಗೆ ಒಂದು ಹಿನ್ನೆಲೆ ಇದೆ. ಅಮೆರಿಕದ ‘ಇಟ್ಸ್ ಎ ಬ್ಯೂಟಿಫುಲ್ ಡೇ’ ಎಂಬ ಬ್ಯಾಂಡಿನ ‘ಬಾಂಬೆ ಕಾಲಿಂಗ್’ ಎಂಬ ವಾದ್ಯಕೃತಿಯಿಂದ ಅದನ್ನು ಎತ್ತಿಕೊಂಡು, ಗತಿಯನ್ನು ನಿಧಾನಗೊಳಿಸಿ, ತಮ್ಮದಾಗಿಸಿಕೊಂಡದ್ದನ್ನು ಡೀಪ್ ಪರ್ಪಲ್‌ನವರು ಬಹಿರಂಗವಾಗಿಯೇ ಹೇಳಿದ್ದಾರೆ. ಗಿಲನ್ ಮೆಲುದನಿಯಲ್ಲಿ ಆರಂಭಿಸಿ, ಪದಗಳನ್ನು ಬಿಟ್ಟು ಬರಿಯ ಸ್ವರಗಳಲ್ಲಿ ಹಂತಹಂತವಾಗಿ ಏರಿ, ಚೀತ್ಕಾರದವರೆಗೆ ಹೋಗುವ ಈ ಹಾಡಿನಲ್ಲಿ ಎಲ್ಲರ ಗಮನವೂ ಸಹಜವಾಗಿ ಆ ಚೀತ್ಕಾರದ ಕಡೆಗೇ ಇರುತ್ತದೆ. ನನಗೆ ಮಾತ್ರ ಅದಕ್ಕಿಂತ ಮೊದಲಿನ ಮೌನಕ್ಕೆ ಹತ್ತಿರವಾದ ಭಾಗ ಹೆಚ್ಚು ಮುಖ್ಯವೆನಿಸುತ್ತದೆ. ಒಸಾಕಾದ ಸಭಿಕರು ಅಲ್ಲಿ ಉಸಿರೆತ್ತುವುದಿಲ್ಲ. ಅತ್ಯಂತ ಗಟ್ಟಿ ಸದ್ದಿನ ಬ್ಯಾಂಡ್ ಇಷ್ಟು ಮೆಲ್ಲಗೆ ನುಡಿಸಬಲ್ಲದು ಎಂಬ ಕಾರಣಕ್ಕೇ ಮುಂದಿನ ಸ್ಫೋಟಕ್ಕೆ ಬೆಲೆ ಬರುತ್ತದೆ.

‘ಸ್ಮೋಕ್ ಆನ್ ದಿ ವಾಟರ್’ ಕಥೆ ಹೆಚ್ಚು ಪ್ರಸಿದ್ಧ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ ಫ್ರ್ಯಾಂಕ್ ಜಾಪ್ಪಾ ಅವರ ಕಛೇರಿ ನಡೆಯುತ್ತಿದ್ದಾಗ ಸಭಿಕನೊಬ್ಬ ಹಾರಿಸಿದ ಬೆಳಕಿನ ಬಾಣಕ್ಕೆ ಕ್ಯಾಸಿನೊ ಕಟ್ಟಡವೇ ಸುಟ್ಟುಹೋಯಿತು. ಅಲ್ಲಿಯೇ ‘ಮೆಷಿನ್ ಹೆಡ್’ ಮುದ್ರಿಸಬೇಕೆಂದು ಬಂದಿದ್ದ ಡೀಪ್ ಪರ್ಪಲ್ ಸರೋವರದ ಮೇಲೆ ಹಬ್ಬಿದ ಹೊಗೆಯನ್ನು ಹಾಡಾಗಿಸಿತು. ಹಾಡಿನ ತಿರುಳಾದ ಗಿಟಾರ್ ರಿಫ್ ಎರಡೆರಡು ಸ್ವರಗಳನ್ನು ಒಟ್ಟಿಗೆ ಮೀಟುವ ಸರಳ ಸಾಲು. ಬ್ಲ್ಯಾಕ್‌ಮೋರ್ ಅದನ್ನು ಪ್ಲೆಕ್ಟ್ರಮ್ (ತಂತಿ ಮೀಟುವ ಬಿಲ್ಲೆ) ಬಿಟ್ಟು ಬೆರಳುಗಳಿಂದ ಮೀಟುತ್ತಾರೆ. ವೇದಿಕೆಯ ಮೇಲೆ ಒಂದೇ ವಿಷಯವನ್ನು ಒಂದೇ ರೀತಿ ನುಡಿಸುವುದು ಅವರ ಸ್ವಭಾವವಲ್ಲ. ರಿಫ್ ಪರಿಚಿತ ರೂಪಕ್ಕೆ ಹತ್ತಿರವಾಗಿ ಬಂದದ್ದು ಮೊದಲ ರಾತ್ರಿ, ಆದ್ದರಿಂದ ಆ ರಾತ್ರಿಯದೇ ಆಯ್ಕೆಯಾಯಿತು. ಹಾಡು ಮುಗಿಯುತ್ತ ಬಂದಾಗ ಲಾರ್ಡ್ ಮತ್ತು ಬ್ಲ್ಯಾಕ್‌ಮೋರ್ ಪರಸ್ಪರ ಕೊಟ್ಟು ತೆಗೆದುಕೊಳ್ಳುವ ಭಾಗ ಸ್ಟುಡಿಯೊ ರೂಪದಲ್ಲಿ ಇಲ್ಲವೇ ಇಲ್ಲ.

ಲಾರ್ಡ್ ಅವರ ವಾದ್ಯದ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಹ್ಯಾಮಂಡ್ ಆರ್ಗನ್ ಚರ್ಚುಗಳಲ್ಲಿ, ಜಾಝ್ ಕ್ಲಬ್ಬುಗಳಲ್ಲಿ ಮೃದುವಾಗಿ ಕೇಳುವ ವಾದ್ಯ. ಲಾರ್ಡ್ ಅದನ್ನು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರುಗಳಿಗೆ ಜೋಡಿಸಿದರು. ಅದರಿಂದ ಆರ್ಗನ್ ಗೊರಗೊರನೆ ಕೆರೆಯುವ, ಗರ್ಜಿಸುವ ಧ್ವನಿ ಪಡೆದು ಗಿಟಾರಿಗೆ ಸಮಸಮನಾಗಿ ನಿಂತಿತು. ಹೆಡ್‌ಫೋನಿನಲ್ಲಿ ಕೇಳಿದರೆ ಮಿಕ್ಸಿಂಗ್ (ಟ್ರ್ಯಾಕ್‌ಗಳನ್ನು ಹದವಾಗಿ ಬೆರೆಸುವ ಕೆಲಸ) ಈ ಎರಡನ್ನೂ ಒಂದೊಂದು ಪಕ್ಕಕ್ಕೆ ಇಟ್ಟಿರುವುದು ತಿಳಿಯುತ್ತದೆ. ಹೊಸ ಕೇಳುಗರು ಒಂದು ಕಿವಿಯನ್ನಷ್ಟೇ ಹಿಂಬಾಲಿಸಿ ಒಂದು ಹಾಡನ್ನು ಪೂರ್ತಿ ಕೇಳಿ ನೋಡಬೇಕು. ‘ಹೈವೇ ಸ್ಟಾರ್’ನಲ್ಲಿ ಮೊದಲು ಆರ್ಗನ್, ನಂತರ ಗಿಟಾರ್ ಸರದಿಯಂತೆ ಮುನ್ನೆಲೆಗೆ ಬರುತ್ತವೆ. ಎರಡರಲ್ಲೂ ಯುರೋಪಿನ ಬರೋಕ್ ಸಂಗೀತದ, ವಿಶೇಷವಾಗಿ ಸಂಗೀತ ರಚನಕಾರ ಬಾಕ್‌ನ ಸ್ವರಸಂಚಾರದ ಪ್ರಭಾವ ನಿಚ್ಚಳವಾಗಿದೆ. ಹಾರ್ಡ್ ರಾಕ್ ಎಂದರೆ ಬರಿಯ ಗದ್ದಲವೆಂದು ತಿಳಿದವರಿಗೆ ನಾನು ಮೊದಲು ಕೇಳಿಸುವುದು ಇದನ್ನೇ. ‘ದಿ ಮ್ಯೂಲ್’ನ ಬಹುಪಾಲು ಪೇಸ್ ಅವರೊಬ್ಬರದೇ ಡ್ರಮ್ಸ್ ವಾದನ. ‘ಲೇಜಿ’ಯಲ್ಲಿ ಗಿಲನ್ ಹಾರ್ಮೋನಿಕಾ ನುಡಿಸುತ್ತಾರೆ. ‘ಸ್ಪೇಸ್ ಟ್ರಕಿನ್’ ಸ್ಟುಡಿಯೊದಲ್ಲಿ ನಾಲ್ಕೂವರೆ ನಿಮಿಷದ್ದು. ಇಲ್ಲಿ ಹಾಡು ಬೇಗನೆ ಮುಗಿದು, ಉಳಿದ ಕಾಲು ಗಂಟೆ ತಮ್ಮ 1968ರ ಆಲ್ಬಮ್ಮಿನ ‘ಮ್ಯಾಂಡ್ರೇಕ್ ರೂಟ್’ ಹಾಡಿನ ಜೊತೆ ವರ್ಷಗಟ್ಟಲೆ ಬೆಳೆಸಿಕೊಂಡು ಬಂದಿದ್ದ ವಾದ್ಯವಿಹಾರಕ್ಕೆ ಮೀಸಲಾಗುತ್ತದೆ. ಅದರ ನಡುವೆ ಕೆಲವು ನಿಮಿಷಗಳು ಸಡಿಲವಾಗಿವೆ ಎಂದು ಒಪ್ಪಬೇಕು. ಆ ಸಡಿಲವನ್ನು ಕತ್ತರಿಸಿ ತೆಗೆಯದೆ ಒಂದು ಇಡೀ ಬದಿಯನ್ನು ಅದಕ್ಕೆ ಬಿಟ್ಟುಕೊಟ್ಟದ್ದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ.

ಮಿಕ್ಸಿಂಗ್ ಹೊಣೆಯನ್ನು ಬ್ಯಾಂಡಿನ ಪರವಾಗಿ ಹೊತ್ತವರು ಗ್ಲೋವರ್ ಮತ್ತು ಪೇಸ್. ಚಿನ್ನದ ಬಣ್ಣದ ಹೊದಿಕೆಯನ್ನು ವಿನ್ಯಾಸಗೊಳಿಸಿದವರೂ ಗ್ಲೋವರ್ ಅವರೇ. ಟೇಪುಗಳು ನಿರೀಕ್ಷೆಗೆ ಮೀರಿ ಚೆನ್ನಾಗಿದ್ದುದರಿಂದ ಜಪಾನಿಗಷ್ಟೇ ಎಂದುಕೊಂಡಿದ್ದ ಆಲ್ಬಮ್ 1972ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ, 1973ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಬ್ರಿಟನ್ನಿನ ಪಟ್ಟಿಯಲ್ಲಿ 16ನೆಯ, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 6ನೆಯ ಸ್ಥಾನಕ್ಕೇರಿತು. ಅದೇ ವರ್ಷ ಅಮೆರಿಕದಲ್ಲಿ ಸಿಂಗಲ್ ಆಗಿ ಬಂದ ‘ಸ್ಮೋಕ್ ಆನ್ ದಿ ವಾಟರ್’ 4ನೆಯ ಸ್ಥಾನ ತಲುಪಿತು.

ಬ್ಯಾಂಡಿನೊಳಗೆ ಅಷ್ಟರಲ್ಲಿ ಬಿರುಕು ಬಿಟ್ಟಿತ್ತು. ಆಲ್ಬಮ್ ಬಿಡುಗಡೆಯಾದ ಡಿಸೆಂಬರ್‌ನಲ್ಲೇ ಗಿಲನ್ ತಾವು ಹೊರಡುವುದಾಗಿ ಪತ್ರ ಬರೆದಿದ್ದರು. 1973ರ ಜೂನ್ 29ರಂದು ಒಸಾಕಾದಲ್ಲಿಯೇ ಈ ಐವರ ಕೊನೆಯ ಕಛೇರಿ ನಡೆಯಿತು. ಗ್ಲೋವರ್ ಕೂಡ ಹೊರನಡೆದರು. ಐವರೂ ಮತ್ತೆ ಒಂದಾದದ್ದು 1984ರಲ್ಲಿ.

ಎರಡು ದಶಕಗಳ ನಂತರ, 1993ರಲ್ಲಿ, ಮೂರು ರಾತ್ರಿಗಳ ಬಹುಪಾಲು ಸಂಗೀತ ಮೂರು ಸಿಡಿಗಳ ಸಂಪುಟವಾಗಿ ಹೊರಬಂತು; 2014ರ ಆವೃತ್ತಿಯಲ್ಲಿ ಮೂರೂ ಕಛೇರಿಗಳು ಪೂರ್ತಿಯಾಗಿ ಸಿಕ್ಕವು. ಲೈವ್ ಆಲ್ಬಮ್ ಎಂಬುದನ್ನು ಅರಿಯಲು ಹೊರಟವರಿಗೆ ಇದು ಅಪರೂಪದ ಅವಕಾಶ. ಆಯ್ಕೆಯಾದ ಹಾಡಿನ ಪಕ್ಕದಲ್ಲೇ ಆಯ್ಕೆಯಾಗದ ಎರಡನ್ನೂ ಇಟ್ಟು, ಗ್ಲೋವರ್ ಮತ್ತು ಪೇಸ್ ಏಕೆ ಹಾಗೆ ನಿರ್ಧರಿಸಿದರೆಂದು ಸ್ವತಃ ತೂಗಿ ನೋಡಬಹುದು. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ನಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅದರ ಗಿಟಾರ್–ಕಂಠ ಸಂವಾದ ಮೂರು ರಾತ್ರಿಯೂ ಬೇರೆಬೇರೆ ಹಾದಿ ಹಿಡಿದಿದೆ. ಅದನ್ನು ಕೇಳಿ ಕಿವಿ ಹದಗೊಂಡ ಮೇಲೆ ‘ಚೈಲ್ಡ್ ಇನ್ ಟೈಮ್’ನ ಒಸಾಕಾ ಮತ್ತು ಟೋಕಿಯೋ ರೂಪಗಳನ್ನು ಒಂದರ ಹಿಂದೆ ಒಂದು ಹಾಕಿದರೆ, ಸಭಾಂಗಣದ ಗಾತ್ರ ಧ್ವನಿಯಲ್ಲಿ ತರುವ ವ್ಯತ್ಯಾಸವನ್ನೂ ಗುರುತಿಸಬಹುದು.